ಮನೆತನದ ಚರಿತ್ರೆ: ಅಣ್ಣಿಗೇರಿಯ ನಿದರ್ಶನ

ಅಣ್ಣಿಗೇರಿಗೆ ಹೋದವರು ಕ್ರಿ. ಶ. 1050ರ ಅಮೃತೇಶ್ವರ ದೇವಾಲಯವನ್ನು ಸುತ್ತಿ, ಅದರ 76 ಕಂಬಗಳನ್ನು ನೋಡಿ ಮುಗಿಸಿದ ಮೇಲೆ, “ಆದಿಕವಿ ಪಂಪನ ಊರು ಇದೇ ಅಲ್ಲವೆ?” ಎಂದು ಕೇಳುವುದು ವಾಡಿಕೆ. ಊರವರು ಅಭಿಮಾನದಿಂದ ಹೌದೆನ್ನುತ್ತಾರೆ. ಆದರೆ ಈ ಮಾತಿಗಿರುವ ಮುಖ್ಯ ಆಧಾರವು ಅಣ್ಣಿಗೇರಿಯಲ್ಲಿಲ್ಲ. ಅದು ಬಹುದೂರದ ತೆಲಂಗಾಣದಲ್ಲಿ, ಕರೀಂನಗರದ ಸೀಮೆಯ ಕುರಿಕ್ಯಾಲದ ಬಂಡೆಯ ಮೇಲಿದೆ.

941ರಲ್ಲಿ ಮುಗಿದ ವಿಕ್ರಮಾರ್ಜುನವಿಜಯದಲ್ಲಿ ಪಂಪನು ತನ್ನ ವಂಶವನ್ನು ಹೇಳಿಕೊಂಡಿದ್ದಾನೆ. ವೆಂಗಿನಾಡಿನ ಮಾಧವ ಸೋಮಯಾಜಿ, ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ, ಅವನ ಮಗನಾಗಿ ಜೈನಧರ್ಮವನ್ನು ಕೈಕೊಂಡ ಅಭಿರಾಮದೇವರಾಯ. ಈತನ ಮಗನೇ ಪಂಪ. ಇದೆಲ್ಲವೂ ತಂದೆಯ ಕಡೆಯ ಮಾತು. ಇಷ್ಟನ್ನೇ ನಂಬಿದ್ದರೆ ಅಣ್ಣಿಗೇರಿಗೂ ಪಂಪನಿಗೂ ನಂಟನ್ನು ಹೇಳುವುದು ಕಷ್ಟವಾಗುತ್ತಿತ್ತು. ಪಂಪನ ತಮ್ಮ ಜಿನವಲ್ಲಭನು ಆ ಬೆಟ್ಟದಲ್ಲಿ ಜಿನಬಿಂಬಗಳನ್ನು ಮಾಡಿಸಿ, ಸಂಸ್ಕೃತ ಕನ್ನಡ ತೆಲುಗುಗಳೆಂಬ ಮೂರು ಭಾಷೆಗಳಲ್ಲಿ ಶಾಸನವನ್ನು ಕೆತ್ತಿಸಿದನು. ತಾನು ಭೀಮಪಯ್ಯನ ಮಗನೆಂದೂ, ತನ್ನ ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳೆಂದೂ ಆತನು ಅದರಲ್ಲಿ ಹೇಳಿಸಿದ್ದಾನೆ. ಅಣ್ಣನು ತಂದೆಯ ವಂಶವನ್ನು ಹಾಡಿದನು. ತಮ್ಮನು ತಾಯಿಯ ತವರನ್ನು ನೆನೆದನು. ಒಂದು ಊರಿಗೆ ಒಬ್ಬ ಮಹಾಕವಿಯು ದೊರೆತದ್ದು ಈ ನೆನಪಿನಿಂದ.

ಕಾವ್ಯದಲ್ಲಿ ಅಭಿರಾಮದೇವರಾಯನೆಂದಿರುವ ತಂದೆ ಶಾಸನದಲ್ಲಿ ಭೀಮಪಯ್ಯನಾಗಿರುವುದನ್ನು ಕೇಳುಗರು ಗಮನಿಸಿರಬಹುದು. ಇಬ್ಬರೂ ಒಬ್ಬರೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಕಾಗದದಲ್ಲೊಂದು, ಮನೆಯಲ್ಲೊಂದು ಹೆಸರಿರುವ ಅಜ್ಜಂದಿರು ನಮ್ಮ ಮನೆಗಳಲ್ಲಿಯೂ ಇಲ್ಲವೆ? ವಂಶವೃಕ್ಷವನ್ನು ಬರೆಯ ಹೊರಟವರು ಮೊದಲು ಎಡವುವುದೇ ಇಲ್ಲಿ.

ಪಾಶ್ಚಾತ್ಯ ದೇಶಗಳಲ್ಲಿ ಈ ಕೆಲಸಕ್ಕೆಂದೇ ಸಂಘಗಳುಂಟು. ಲಂಡನ್ನಿನ ವಂಶಾವಳಿ ಸಂಘವು 1911ರಲ್ಲಿ ಹುಟ್ಟಿತು. ಇಗರ್ಜಿಯ ದಾಖಲೆಗಳನ್ನೂ ಗೋರಿಗಲ್ಲುಗಳ ಬರಹವನ್ನೂ ನಕಲು ಮಾಡಿಡುವುದು ಇಂಥ ಸಂಘಗಳ ನಿತ್ಯದ ಉದ್ಯೋಗ. ನಮ್ಮಲ್ಲಿ ಹರಿದ್ವಾರದ ಪಂಡರು ಯಾತ್ರಿಕರ ಮನೆತನಗಳನ್ನು ತಮ್ಮ ವಹಿಗಳಲ್ಲಿ ಬರೆದಿಡುತ್ತ ಬಂದಿದ್ದಾರೆ. ಉತ್ತರ ಕರ್ನಾಟಕದಲ್ಲಿಯಾದರೋ ಯಾತ್ರೆಗೆ ಹೋಗಬೇಕಾಗಿಯೇ ಇರಲಿಲ್ಲ. ಹೆಳವನೇ ಮನೆಯ ಬಾಗಿಲಿಗೆ ಬರುತ್ತಿದ್ದನು.

ಸುಗ್ಗಿ ಮುಗಿದು ಕಣದಲ್ಲಿ ಜೋಳ ಬಿದ್ದಿರುವಾಗ, ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುವ ಹೆಳವನನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಮನೆತನದ ಮೂಲಪುರುಷನು ಯಾವ ಊರಿನಿಂದ ಬಂದನು, ಬೆಡಗು ಯಾವುದು, ಯಾರಿಗೆ ಎಷ್ಟು ಮಕ್ಕಳು ಎಂಬುದನ್ನು ಅವನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದನು. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ಹೊತ್ತಗೆಯಲ್ಲಿ ಸೇರಿಸಿಕೊಳ್ಳುತ್ತಿದ್ದನು. ಕಾಳು, ಬಟ್ಟೆ, ಹಣ, ಅನುಕೂಲಸ್ಥರಲ್ಲಿ ದನಕರು ಇವು ಅವನ ಸಂಭಾವನೆ. ಬೀಗತನ ಬೆಳೆಸುವಾಗ ಬೆಡಗು ಒಂದೇ ಆಗಬಾರದಷ್ಟೆ. ಆ ಸಂದೇಹವನ್ನು ತೀರಿಸಬಲ್ಲವನೂ ಅವನೇ. ಇವನನ್ನು ಬರಿಯ ಭಿಕ್ಷುಕನೆಂದು ತಿಳಿದು ನಗುವ ವಿದ್ಯಾವಂತರುಂಟು. ಅವರಲ್ಲಿ ಮುತ್ತಜ್ಜನ ತಂದೆಯ ಹೆಸರನ್ನು ಬಲ್ಲವರು ಎಷ್ಟು ಮಂದಿಯೋ!

ಆದರೂ ಹೆಳವನ ಹೊತ್ತಗೆಗೆ ಒಂದು ಮಿತಿಯಿದೆ. ಅದು ಹೆಚ್ಚಾಗಿ ಗಂಡುಸಂತತಿಯನ್ನೇ ಹಿಡಿದು ನಡೆಯುವಂಥದು. ಅಬ್ಬಣಬ್ಬೆಯರ ಹೆಸರು ಅಲ್ಲಿ ಜಾರಿಹೋಗುತ್ತದೆ. ಹೊತ್ತಗೆಗಳೂ ಮಳೆಗೆ, ಹುಳುವಿಗೆ, ವೃತ್ತಿಯನ್ನು ಬಿಟ್ಟ ಮಕ್ಕಳ ಅನಾದರಕ್ಕೆ ತುತ್ತಾಗಿ ಸವೆಯುತ್ತಿವೆ. ಅವುಗಳ ಛಾಯಾಪ್ರತಿಗಳನ್ನು ತೆಗೆದಿಡುವ ಕೆಲಸವು ಈಚೆಗೆ ನಮ್ಮ ನಾಡಿನಲ್ಲಿ ಮೊದಲಾಗಿರುವುದು ಸಂತೋಷದ ವಿಷಯ.

ಬೆಳ್ವೊಲದ ಒಂದೊಂದು ಊರಿನಲ್ಲಿ ನಾಲ್ಕಾರು ಮನೆಯವರು ಕೂಡಿದರೂ ಸಾಕು, ಇಂಥ ಸಂಘವೊಂದು ನಡೆದೀತು. ಕಾಗದಗಳನ್ನು ಹುಡುಕುವುದು ಆಮೇಲಾಗಲಿ. ಬಾಯಲ್ಲಿರುವುದನ್ನು ಮೊದಲು ಬರೆದುಕೊಳ್ಳಬೇಕು, ಏಕೆಂದರೆ ಕಾಗದವು ಒಂದು ವರ್ಷ ಕಾದೀತು, ತೊಂಬತ್ತರ ಅಜ್ಜಿ ಕಾಯಲಾರಳು. ಅನಂತರ ಹೊಲದ ಉತಾರ, ವಾರಸಾ ನೋಂದಣಿ, ಜನನ ಮರಣದ ದಾಖಲೆಗಳನ್ನು ನೋಡಬಹುದು. ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಮೋಡಿ ಲಿಪಿಯ ಪತ್ರಗಳೂ ಸಿಕ್ಕಾವು. ಓದಬಲ್ಲವರು ಕಡಮೆಯಾಗಿದ್ದಾರೆಂದು ಅವನ್ನು ಒಲೆಗೆ ಹಾಕದಿದ್ದರೆ ಅದೇ ಉಪಕಾರ. ಬರೆದುಕೊಳ್ಳುವ ಪುಸ್ತಕದಲ್ಲಿ ಪ್ರತಿಯೊಬ್ಬ ಗಂಡಸಿನ ಹೆಸರಿನ ಎದುರಿಗೆ ಎರಡು ಅಂಕಣಗಳನ್ನು ಬಿಡತಕ್ಕದ್ದು: ಒಂದರಲ್ಲಿ ಅವನ ತಾಯಿಯ ಹೆಸರು, ಇನ್ನೊಂದರಲ್ಲಿ ಅವಳ ತವರೂರು.