ಪುನರುತ್ಥಾನವೂ ಹೊಸ ಜೀವವೂ : ಮಿಲಾನಿನ ಒಂದು ಈಸ್ಟರ್ ರಾತ್ರಿ

ಕ್ರೈಸ್ತಮತದ 'ಪುನರುತ್ಥಾನ'ವೆಂಬ ಮಾತನ್ನು ಕನ್ನಡದಲ್ಲಿ ಓದುವವರಿಗೆ ಒಂದು ತೊಡಕುಂಟು. ನಮ್ಮ ಕಿವಿಗೆ ಅದು 'ಪುನರ್ಜನ್ಮ'ಕ್ಕೆ ತೀರ ಸಮೀಪವಾಗಿ ಕೇಳಿಸುತ್ತದೆ. ಪುನರ್ಜನ್ಮದಲ್ಲಿ ದೇಹವು ಕಳಚಿಹೋಗಿ, ಜೀವನು ಬೇರೊಂದು ದೇಹವನ್ನು ಹೊಂದುತ್ತಾನೆ. ಮರಣವು ಅಲ್ಲಿ ದಾರಿಯ ಒಂದು ತಿರುವು. ಪುನರುತ್ಥಾನದಲ್ಲಾದರೋ ಸತ್ತ ಆ ವ್ಯಕ್ತಿಯೇ ದೇಹಸಹಿತನಾಗಿ ಏಳುತ್ತಾನೆ, ಮತ್ತೆ ಸಾಯುವುದಿಲ್ಲ. ಈಸ್ಟರ್ ಹಬ್ಬವು ಕೊಂಡಾಡುವುದು ಇದನ್ನೇ. ಇಷ್ಟು ವಿಷಯ ಯಾವ ಕೈಪಿಡಿಯಲ್ಲಿಯಾದರೂ ದೊರೆಯುತ್ತದೆ. ನಾವು ಇಲ್ಲಿ ವಿಚಾರಿಸಬೇಕೆಂದಿರುವುದು ಇದಕ್ಕೆ ಸೇರಿದ ಮತ್ತೊಂದು ಪ್ರಶ್ನೆಯನ್ನು: ಯೇಸುಕ್ರಿಸ್ತನೊಬ್ಬನು ಸಮಾಧಿಯಿಂದ ಎದ್ದುದರಿಂದ ಇತರರಿಗೆ 'ಹೊಸ ಜೀವ' ಬಂದಿತೆಂದು ಹೇಳುವುದು ಹೇಗೆ?

ಪೌಲನು ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಇದಕ್ಕೆ ಕೊಟ್ಟಿರುವ ಉತ್ತರವು ದೀಕ್ಷಾಸ್ನಾನವನ್ನು ಅವಲಂಬಿಸಿದೆ. ನೀರಿನಲ್ಲಿ ಮುಳುಗುವವನು ಕ್ರಿಸ್ತನೊಡನೆ ಹೂಳಲ್ಪಡುತ್ತಾನೆ, ಮೇಲೇಳುವವನು ಅವನ ಜೀವದಲ್ಲಿ ಪಾಲುಗೊಳ್ಳುತ್ತಾನೆ ಎಂಬುದು ಆತನ ವಾದದ ಸಾರ. ಪ್ರಾಚೀನ ಕ್ರೈಸ್ತಸಭೆಯು ದೀಕ್ಷೆಗೆ ಈಸ್ಟರ್ ರಾತ್ರಿಯನ್ನೇ ಮುಖ್ಯಕಾಲವಾಗಿ ಆರಿಸಿಕೊಂಡುದರ ಮರ್ಮ ಇದೇ. ಈ ಆಚರಣೆ ಹೇಗಿದ್ದಿತೆಂಬುದನ್ನು ವಿಶದವಾಗಿ ಕಾಣಬಹುದಾದ ಸ್ಥಳವೆಂದರೆ 4ನೆಯ ಶತಮಾನದ ಮಿಲಾನ್ ನಗರ.

ಕ್ರಿ. ಶ. 387ರಲ್ಲಿ ಈಸ್ಟರಿನ ಗಣನೆಯೇ ಚರ್ಚೆಗೆ ವಿಷಯವಾಗಿದ್ದಿತು. ಚಾಂದ್ರಮಾಸದ 14ನೆಯ ದಿನವು ಭಾನುವಾರದಂದೇ ಬಿದ್ದುದರಿಂದ ಹಬ್ಬವನ್ನು ಒಂದು ವಾರ ಮುಂದಕ್ಕೆ ಹಾಕಬೇಕೆಂದು ಬಿಷಪ್ ಆಂಬ್ರೋಸನು ಪತ್ರಮುಖೇನ ವಾದಿಸಿದನು. ಮಿಲಾನಿನಲ್ಲಿ ಅದು ಏಪ್ರಿಲ್ 25ರಂದು ನಡೆಯಿತು. ಆ ರಾತ್ರಿ ದೀಕ್ಷೆ ಪಡೆದವರಲ್ಲಿ ಅಲಂಕಾರಶಾಸ್ತ್ರದ ಅಧ್ಯಾಪಕತ್ವವನ್ನು ಬಿಟ್ಟುಬಂದಿದ್ದ ಆಗಸ್ಟೀನ್, ಅವನ ಮಿತ್ರ ಅಲಿಪಿಯಸ್, ಸುಮಾರು 15 ವರ್ಷದ ಮಗ ಅದಿಯೊದಾತುಸ್ ಇದ್ದರು. ('ದೇವರು ಕೊಟ್ಟವನು' ಎಂದು ಹುಡುಗನ ಹೆಸರಿನ ಅರ್ಥ, ನಮ್ಮ 'ದೇವದತ್ತ'ನೇ ಸರಿ.) ಅಲಿಪಿಯಸನು ದೇಹದಂಡನೆಗಾಗಿ ಇಟಲಿಯ ಹಿಮಗಟ್ಟಿದ ನೆಲದ ಮೇಲೆ ಬರಿಗಾಲಿನಲ್ಲಿ ನಡೆದನೆಂದು 'ಕನ್ಫೆಶನ್ಸ್' ಗ್ರಂಥದ 9ನೆಯ ಭಾಗದಿಂದ ತಿಳಿದುಬರುತ್ತದೆ. ದೀಕ್ಷೆಯ ವಿಷಯದಲ್ಲಾದರೋ ಆಗಸ್ಟೀನನು ಒಂದೆರಡು ಮಾತಿನಲ್ಲಿ ಮುಗಿಸಿಬಿಟ್ಟಿದ್ದಾನೆ: ಹಿಂದಿನ ಬಾಳಿನ ಕಳವಳ ತಮ್ಮನ್ನು ಬಿಟ್ಟುಹೋಯಿತೆಂದಷ್ಟೇ ಅವನು ಹೇಳುವುದು.

ಅವನು ಬಿಟ್ಟುದನ್ನು ಆಂಬ್ರೋಸನ ಉಪದೇಶಗಳಿಂದ ತುಂಬಿಕೊಳ್ಳಬಹುದು. ಇವು ಆಮೇಲಿನ ಕೆಲವು ವರ್ಷಗಳಿಗೆ ಸೇರಿದವೆಂದು ಎಣಿಸಿದರೂ ಆಚರಣೆ ಅಷ್ಟರಲ್ಲಿ ಬದಲಾಗಿದ್ದಿತೆನ್ನಲು ಕಾರಣವಿಲ್ಲ. ಮೊದಲು ಕಿವಿಗಳನ್ನೂ ಮೂಗನ್ನೂ ಮುಟ್ಟಿ 'ತೆರೆಯುವ' ವಿಧಿ. ಅನಂತರ ಕುಸ್ತಿಗೆ ಇಳಿಯುವ ಜಟ್ಟಿಗೆ ಹಚ್ಚುವಂತೆ ಎಣ್ಣೆ ಹಚ್ಚುವುದು. ಸೈತಾನನನ್ನು ತ್ಯಜಿಸುವ ಪ್ರತಿಜ್ಞೆ. ಬಳಿಕ ಕುಂಡದೊಳಗೆ ಇಳಿದವನನ್ನು ತಂದೆ, ಮಗ, ಪವಿತ್ರಾತ್ಮರಲ್ಲಿ ನಂಬಿಕೆಯುಂಟೇ ಎಂದು ಮೂರು ಸಲ ಕೇಳುವರು. ಒಂದೊಂದು ಉತ್ತರಕ್ಕೂ ಒಂದು ಮುಳುಗು. ಮೇಲೆ ಬಂದವನ ತಲೆಗೆ ಅಭ್ಯಂಜನ ಮಾಡಿ ಪಾದ ತೊಳೆದು ಬಿಳಿಯ ವಸ್ತ್ರ ಉಡಿಸುವರು. ಪಾದ ತೊಳೆಯುವ ಕ್ರಮ ರೋಮಿನಲ್ಲಿ ಇರಲಿಲ್ಲ. ಅದನ್ನು ಬಲ್ಲ ಆಂಬ್ರೋಸನು ತನ್ನ ಊರಿನ ಪದ್ಧತಿಯನ್ನು ಸ್ವಲ್ಪ ಬಿಸಿಯಾಗಿಯೇ ಸಮರ್ಥಿಸಿಕೊಳ್ಳುತ್ತಾನೆ.

ಇವೆಲ್ಲದರ ಅರ್ಥವನ್ನು ಬಿಡಿಸಿ ಹೇಳುತ್ತಿದ್ದುದು ದೀಕ್ಷೆಯಾದ ಮೇಲೆ, ಈಸ್ಟರಿನ ವಾರದಲ್ಲಿ. ಆಗ ಆಂಬ್ರೋಸನು ಹೂಡುವ ತರ್ಕ ಗಮನಾರ್ಹವಾದುದು. ಮನುಷ್ಯನು ಮಣ್ಣಿಗೆ ಮರಳಬೇಕೆಂಬುದು ಆದಾಮನಿಗೆ ವಿಧಿಸಿದ ತೀರ್ಪು. ಅದು ದೇವರದೇ ಆದುದರಿಂದ ರದ್ದಾಗಲಾರದು. ನೆರವೇರಿತೆಂದರೆ ಮನುಷ್ಯನು ಉಳಿಯಲಾರನು. ಆದುದರಿಂದ ಬದುಕಿರುವಾಗಲೇ ಸತ್ತು ಬದುಕಿಯೇ ಏಳುವ ಒಂದು ಉಪಾಯ ಬೇಕಾಯಿತು. ನೀರು ಭೂಮಿಯಿಂದ ಹುಟ್ಟಿದುದು. ನೀರಿನಲ್ಲಿ ಹೂಳಲ್ಪಟ್ಟವನು ಮಣ್ಣಿಗೆ ಸಂದಂತೆಯೇ ಆಯಿತು. ತೀರ್ಪೂ ನಡೆಯಿತು, ಮನುಷ್ಯನೂ ಉಳಿದನು. ಆದಕಾರಣ ಕುಂಡವೇ ಸಮಾಧಿ. ಈ ವಾದದಲ್ಲಿ ವಕೀಲನ ಜಾಣ್ಮೆ ಇಣುಕುತ್ತದೆಂದು ನಮಗೆ ತೋರುತ್ತದೆ. ಆಂಬ್ರೋಸನು ಬಿಷಪ್ ಆಗುವುದಕ್ಕೆ ಮುಂಚೆ ನ್ಯಾಯವಾದಿಯೂ ಪ್ರಾಂತಾಧಿಕಾರಿಯೂ ಆಗಿದ್ದನಷ್ಟೆ.

ಆ ದೀಕ್ಷಾಗೃಹದ ಅವಶೇಷಗಳು ಮಿಲಾನಿನ ಮಹಾದೇವಾಲಯದ ಮುಂದಣ ನೆಲದಡಿಯಲ್ಲಿವೆ. 1961–62ರಲ್ಲಿ ಸುರಂಗ ರೈಲುಮಾರ್ಗದ ಕೆಲಸದ ವೇಳೆ ಅವನ್ನು ಅಗೆದು ಶೋಧಿಸಿದರು. ಕಟ್ಟಡಕ್ಕೂ ನಡುವಣ ಕುಂಡಕ್ಕೂ ಎಂಟು ಮೂಲೆಗಳಿವೆ. ಏಳು ದಿನಗಳ ಸೃಷ್ಟಿವಾರ ಮುಗಿದ ಮೇಲೆ ಕ್ರಿಸ್ತನು ಎದ್ದ ಭಾನುವಾರವನ್ನು ಎಂಟನೆಯ ದಿನವೆಂದೂ ಹೊಸ ಸೃಷ್ಟಿಯ ಮೊದಲ ದಿನವೆಂದೂ ಪ್ರಾಚೀನರು ಎಣಿಸುತ್ತಿದ್ದರು. ಮುಂದೆ ಹಿಪ್ಪೋ ನಗರದ ಬಿಷಪ್ ಆದ ಆಗಸ್ಟೀನನು ಹೊಸದಾಗಿ ದೀಕ್ಷೆ ಪಡೆದವರನ್ನು, ಅವರ ವಯಸ್ಸು ಎಷ್ಟೇ ಇರಲಿ, 'ಶಿಶುಗಳೇ' ಎಂದು ಸಂಬೋಧಿಸುತ್ತಿದ್ದನು.

ಆದರೆ ಈ ಶಿಶುಗಳೂ ಸಾಯುತ್ತಿದ್ದರು. ವಾದದ ಕಠಿನವಾದ ಗಂಟು ಇರುವುದು ಇಲ್ಲಿ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಕ್ರಿಸ್ತನನ್ನು ಪ್ರಥಮಫಲವೆಂದು ಕರೆದು, ಉಳಿದ ಬೆಳೆಯನ್ನು ಅಂತ್ಯಕಾಲಕ್ಕೆ ಬಿಟ್ಟಿದ್ದಾನೆ. ಮರಣವು ನಾಶವಾಗಬೇಕಾದ ಕಡೆಯ ಶತ್ರು. ಎಂದರೆ ಹೊಸ ಜೀವ ಮೊದಲಾಗಿದೆ, ಮುಗಿದಿಲ್ಲ. ಅದೇ 387ರಲ್ಲಿ, ಆಫ್ರಿಕಕ್ಕೆ ಮರಳುವ ದಾರಿಯಲ್ಲಿ, ಆಗಸ್ಟೀನನ ತಾಯಿ ಮೋನಿಕಾ ಓಸ್ತಿಯಾ ಬಂದರಿನಲ್ಲಿ ತೀರಿಕೊಂಡಳು. ಹುಡುಗನು ಗಟ್ಟಿಯಾಗಿ ಅತ್ತನು, ಹಿರಿಯರು ಸುಮ್ಮನಿರಿಸಿದರು. ಆಕೆ ಪೂರ್ತಿಯಾಗಿ ಸತ್ತಿಲ್ಲವೆಂದು ನಂಬುವವರಿಗೆ ಗೋಳಾಟ ತಕ್ಕುದಲ್ಲವೆಂದು ಅವರ ಎಣಿಕೆ. ಕೆಲವೇ ವರ್ಷಗಳಲ್ಲಿ ಆ ಹುಡುಗನೂ ತೀರಿಕೊಂಡನು.

ತಾಯಿಯನ್ನು ಹೂಳಿದ ದಿನ ಆಗಸ್ಟೀನನು ಸ್ನಾನಗೃಹಕ್ಕೆ ಹೋದನು. ಸ್ನಾನವೆಂಬುದರ ಗ್ರೀಕ್ ಹೆಸರಿಗೆ ದುಃಖ ಕಳೆಯುವುದೆಂಬ ಅರ್ಥವಿದೆಯೆಂದು ಕೇಳಿದ್ದನಂತೆ. ಹೋದಂತೆಯೇ ಹೊರಬಂದನು. ಈಸ್ಟರ್ ರಾತ್ರಿಯ ನೀರು ಕಳವಳವನ್ನು ಕಳೆದಿದ್ದಿತು. ಈ ನೀರು ಕಳೆಯಲಿಲ್ಲ. ನಿದ್ದೆಮಾಡಿ ಎದ್ದ ಮೇಲೆ ತಾಯಿಗಾಗಿ ಸ್ವಲ್ಪ ಹೊತ್ತು ಅತ್ತನು. ಅದು ತಪ್ಪೆಂದು ಯಾರಿಗಾದರೂ ತೋರಿದರೆ ಅವರು ನಗದಿರಲಿ, ತನಗಾಗಿ ತಾವೂ ಅಳಲಿ ಎಂದು ಕೇಳಿಕೊಂಡಿದ್ದಾನೆ.