‘ಒಳ್ಳೆ ಏರಿಯಾ’ ಯಾವುದು? ಬೆಂಗಳೂರಿಗೆ ಬರುವ ಸಂಸಾರಸ್ಥರ ತಪ್ಪು ಲೆಕ್ಕಗಳು

ಏಪ್ರಿಲ್ ಮುಗಿಯುತ್ತಿದ್ದಂತೆ ಬೆಂಗಳೂರಿನಲ್ಲಿರುವ ನೆಂಟರಿಗೆ ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಹಾಸನಗಳಿಂದ ಫೋನು ಬರಲು ಶುರುವಾಗುತ್ತದೆ. ಒಬ್ಬರಿಗೆ ವರ್ಗ ಆಗಿದೆ, ಇನ್ನೊಬ್ಬರಿಗೆ ಹೊಸ ಕೆಲಸ ಸಿಕ್ಕಿದೆ. ಶಾಲೆ ಆರಂಭವಾಗುವುದರೊಳಗೆ ಮನೆ ಹಿಡಿಯಬೇಕು. ಕೇಳುವ ಪ್ರಶ್ನೆ ಮಾತ್ರ ಒಂದೇ: “ಫ್ಯಾಮಿಲಿಗೆ ಯಾವ ಏರಿಯಾ ಒಳ್ಳೇದು?” ಉತ್ತರವೂ ಸಿದ್ಧ. ಜಯನಗರದವರು ಜಯನಗರ ಅನ್ನುತ್ತಾರೆ, ವಿಜಯನಗರದವರು ವಿಜಯನಗರ ಅನ್ನುತ್ತಾರೆ, ಮಾರತ್‌ಹಳ್ಳಿಯವರು ಈ ಕಡೆ ಬರಲೇಬೇಡಿ ಅನ್ನುತ್ತಾರೆ!

ಈ ಸಲಹೆಗಳಲ್ಲಿ ಪ್ರೀತಿಯೂ ಇದೆ, ಅನುಭವವೂ ಇದೆ. ತೊಡಕು ಬೇರೆ ಕಡೆ ಇದೆ. ಬಡಾವಣೆಯ ಹೆಸರು, ಅಲ್ಲಿನ ಸೈಟಿನ ರೇಟು, ಅಪಾರ್ಟ್‌ಮೆಂಟಿನ ಗೇಟು, ಇವೆಲ್ಲ ಆಸ್ತಿಯನ್ನು ಅಳೆಯುವ ಮಾನದಂಡಗಳು. ಸಂಸಾರದ ದಿನ ನಡೆಯುವುದು ನೀರು, ಶಾಲೆ ಮತ್ತು ಕಾಲ್ದಾರಿಯನ್ನು ನಂಬಿಕೊಂಡು. ಮನೆ ಹುಡುಕುವಾಗ ಜನ ನಿಜವೆಂದು ನಂಬುವ ಕೆಲವು ಮಾತುಗಳನ್ನು ಆ ದೃಷ್ಟಿಯಿಂದ ಪರೀಕ್ಷಿಸಿ ನೋಡೋಣ.

ತಪ್ಪು ಕಲ್ಪನೆ 1: ಒಳ್ಳೆಯ ಏರಿಯಾ ಸಿಕ್ಕರೆ ಅರ್ಧ ಚಿಂತೆ ಕಳೆದಂತೆ

ಸತ್ಯ: ಬೆಂಗಳೂರಿನಲ್ಲಿ ಏರಿಯಾ ಎನ್ನುವುದು ತೀರಾ ದೊಡ್ಡ ಅಳತೆ. ಯೋಜನೆ ಮಾಡಿ ಕಟ್ಟಿದ ಹಳೆಯ ಬಡಾವಣೆಯಲ್ಲಿ ಪಾರ್ಕು, ಶಾಲೆ, ಆಟದ ಮೈದಾನಗಳಿಗೆ ಮೊದಲೇ ಜಾಗ ಬಿಟ್ಟಿರುತ್ತಾರೆ. ಅದರ ಬೆನ್ನಿಗೇ ಹೊಲವನ್ನು ಸೈಟು ಮಾಡಿ ಮಾರಿದ ರೆವಿನ್ಯೂ ಲೇಔಟು ಇರುತ್ತದೆ. ಅಲ್ಲಿ ರಸ್ತೆ ಇಪ್ಪತ್ತು ಅಡಿ, ಪಾರ್ಕಿಗೆ ಜಾಗವೇ ಇಲ್ಲ. ಆದರೆ ಬ್ರೋಕರ್ ಎರಡಕ್ಕೂ ಹೇಳುವುದು ದೊಡ್ಡ ಬಡಾವಣೆಯ ಹೆಸರನ್ನೇ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಬಡಾವಣೆ ಎಂದಾಕ್ಷಣ ಎಲ್ಲವೂ ಇರುತ್ತದೆ ಎನ್ನುವುದೂ ಅಷ್ಟೇ ತಪ್ಪು. ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಸೈಟು ಹಂಚಿ ವರ್ಷಗಳು ಕಳೆದರೂ ರಸ್ತೆ, ನೀರು, ಒಳಚರಂಡಿಗಾಗಿ ನಿವೇಶನದಾರರು ಹೋರಾಡಬೇಕಾಯಿತು. ಆದ್ದರಿಂದ ಏರಿಯಾದ ಹೆಸರು ಕೇಳಿ ನಿಲ್ಲಬೇಡಿ. ಮನೆಯಿರುವ ರಸ್ತೆಯನ್ನೇ ನೋಡಿ. ಮಗು ಒಬ್ಬನೇ ನಡೆದುಹೋಗಬಲ್ಲ ದೂರ ಎಷ್ಟೋ ನಿಮ್ಮ ಏರಿಯಾ ಅಷ್ಟೇ.

ತಪ್ಪು ಕಲ್ಪನೆ 2: ದುಬಾರಿ ಬಡಾವಣೆಗೆ ಮಳೆನೀರು ನುಗ್ಗುವುದಿಲ್ಲ

ಸತ್ಯ: ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದ ಊರಿನಲ್ಲಿ ಪ್ರವಾಹವೇ ಎಂದು ನಗುತ್ತಿದ್ದವರು 2022ರ ಸೆಪ್ಟೆಂಬರ್‌ನಲ್ಲಿ ಸುಮ್ಮನಾದರು. ಸರ್ಜಾಪುರ ರಸ್ತೆ, ಯಮಲೂರಿನ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಗೆ ನೀರು ನುಗ್ಗಿತು, ಜನರನ್ನು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಹೊರಗೆ ತಂದರು. ನಗರ ಎತ್ತರದಲ್ಲಿದೆ, ನಿಜ. ಆದರೆ ಅದು ದಿಬ್ಬ ಮತ್ತು ಕಣಿವೆಗಳ ಊರು. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಕಣಿವೆಗಳಲ್ಲಿ ಕೆರೆಯಿಂದ ಕೆರೆಗೆ ನೀರು ಇಳಿಯುತ್ತಿತ್ತು. ಕೋರಮಂಗಲದ ಕಡೆಯ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಈ ಕೆರೆಗಳನ್ನು ಜೋಡಿಸುವುದೇ ರಾಜಕಾಲುವೆ. ಕಾಲುವೆ ಕಿರಿದಾದರೆ ನೀರು ತನ್ನ ಹಳೆಯ ಜಾಗಕ್ಕೇ ಬರುತ್ತದೆ. ಆ ಜಾಗದಲ್ಲಿ ಈಗ ಯಾರ ಮನೆಯಿದೆ, ಅದರ ಬೆಲೆ ಎಷ್ಟು ಎನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪಿನಲ್ಲಿ ಮನೆ ನಿಂತಿರುವ ಸರ್ವೆ ನಂಬರ್, ಸುತ್ತಲಿನ ಕೆರೆ ಮತ್ತು ಹಳ್ಳಗಳು ಕಾಣುತ್ತವೆ. ಮನೆ ನೋಡಲು ಹೋದಾಗ ಕಾಂಪೌಂಡ್ ಗೋಡೆಯ ಬುಡ ನೋಡಿ, ಒಂದೇ ಎತ್ತರದಲ್ಲಿ ಸಾಲಾಗಿ ಎದ್ದ ಕಲೆ ಇದ್ದರೆ ಅದು ನೀರು ನಿಂತ ಗುರುತು. ಗೇಟಿಗೆ ಅಡ್ಡಲಾಗಿ ಎತ್ತರದ ಸಿಮೆಂಟ್ ಕಟ್ಟೆ ಹಾಕಿದ್ದಾರೆಯೇ, ಬೇಸ್‌ಮೆಂಟಿನಲ್ಲಿ ನೀರೆತ್ತುವ ಪಂಪ್ ಇಟ್ಟಿದ್ದಾರೆಯೇ ಎಂದೂ ಗಮನಿಸಿ. ಎದುರಿನ ದಿನಸಿ ಅಂಗಡಿಯವರನ್ನು ಒಂದು ಮಾತು ಕೇಳಿ. ಮನೆ ಮಾಲೀಕರು ಹೇಳದ್ದನ್ನು ಅವರು ಹೇಳುತ್ತಾರೆ.

ತಪ್ಪು ಕಲ್ಪನೆ 3: ಬೋರ್‌ವೆಲ್ ಇದೆ, ಕಾವೇರಿಯೂ ಇದೆ, ನೀರಿನ ಚಿಂತೆಯಿಲ್ಲ

ಸತ್ಯ: ‘ಇದೆ’ ಎಂಬ ಒಂದು ಮಾತಿನ ಹಿಂದೆ ಹಲವು ಸ್ಥಿತಿಗಳಿರುತ್ತವೆ. ರಸ್ತೆಯಲ್ಲಿ ಕಾವೇರಿ ಪೈಪು ಹಾಯ್ದಿರಬಹುದು, ಮನೆಗೆ ಸಂಪರ್ಕ ಇಲ್ಲದಿರಬಹುದು. ಸಂಪರ್ಕ ಇದ್ದರೂ ನೀರು ದಿನ ಬಿಟ್ಟು ದಿನ, ಕೆಲವು ತಾಸು ಮಾತ್ರ ಬರುತ್ತಿರಬಹುದು. ಬೋರ್‌ವೆಲ್ ಕಥೆ 2024ರ ಬೇಸಿಗೆಯಲ್ಲಿ ಬಯಲಾಯಿತು. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿವೆ ಎಂದು ಸರ್ಕಾರವೇ ಒಪ್ಪಿಕೊಂಡಿತು. ಟ್ಯಾಂಕರಿಗೆ ಬಾಯಿಗೆ ಬಂದ ದರ ಕೇಳತೊಡಗಿದಾಗ, 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಬೇಕಾಯಿತು.

2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ ಅದು. ಆದರೆ ನೀರು ಮನೆ ಮುಟ್ಟಬೇಕಾದರೆ ಕಟ್ಟಡದವರು ಜಲಮಂಡಳಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ ಸಂಪರ್ಕ ಪಡೆಯಬೇಕು. ಎಷ್ಟೋ ಅಪಾರ್ಟ್‌ಮೆಂಟುಗಳು ಆ ಶುಲ್ಕ ನೋಡಿಯೇ ಹಿಂದೆ ಸರಿದವು. ಹಾಗಾಗಿ ಕಾವೇರಿ ಇದೆಯೇ ಎಂದಷ್ಟೇ ಕೇಳಬೇಡಿ. ಕಳೆದ ಮಾರ್ಚ್–ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ ಎಷ್ಟು, ಅದು ಮೇಂಟೆನೆನ್ಸಿನಲ್ಲಿ ಸೇರಿದೆಯೇ ಅಥವಾ ಬೇರೆ ಕೊಡಬೇಕೇ ಎಂದು ಕೇಳಿ. ಸಂಪು ಎಷ್ಟು ಲೀಟರಿನದು, ಅದರಲ್ಲಿ ಎಷ್ಟು ಮನೆಗಳ ಪಾಲಿದೆ ಎನ್ನುವುದೂ ಗೊತ್ತಿರಲಿ.

ತಪ್ಪು ಕಲ್ಪನೆ 4: ಗೇಟು, ಸೆಕ್ಯೂರಿಟಿ, ಸಿಸಿಟಿವಿ ಇದ್ದರೆ ಮಕ್ಕಳು ಸುರಕ್ಷಿತ

ಸತ್ಯ: ಗೇಟು ತಡೆಯುವುದು ಅಪರಿಚಿತರನ್ನು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ವರ್ಷ ವರ್ಷವೂ ಹೇಳುವುದೇ ಬೇರೆ. ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಮಕ್ಕಳ ಮೇಲಿನ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಗೊತ್ತಿದ್ದವನೇ ಆಗಿರುತ್ತಾನೆ. ಗೊತ್ತಿರುವವನಿಗೆ ಸೆಕ್ಯೂರಿಟಿಯವನೇ ಗೇಟು ತೆಗೆಯುತ್ತಾನೆ. ಗೇಟಿನೊಳಗೂ ಬೇಲಿಯಿಲ್ಲದ ಈಜುಕೊಳ, ಹಿಂದಕ್ಕೆ ಬರುವ ನೀರಿನ ಟ್ಯಾಂಕರ್, ರ‍್ಯಾಂಪಿನಿಂದ ಜೋರಾಗಿ ಏರಿ ಬರುವ ಕಾರು, ಮುಚ್ಚಳ ಸಡಿಲಾದ ಸಂಪು ಇರುತ್ತವೆ. ಇವನ್ನು ಯಾವ ಸೆಕ್ಯೂರಿಟಿಯೂ ತಡೆಯಲಾರ.

ಹೂವಿನವರು, ಇಸ್ತ್ರಿಯವರು, ಬೇಕರಿ, ಸಂಜೆ ಜಗಲಿಯ ಮೇಲೆ ಕೂತ ಹಿರಿಯರು ಇರುವ ಸಾಮಾನ್ಯ ರಸ್ತೆಯಲ್ಲಿ ಯಾವ ಮಗು ಯಾರ ಮನೆಯದು ಎಂದು ಹತ್ತು ಜನಕ್ಕೆ ಗೊತ್ತಿರುತ್ತದೆ. ಅಪಾರ್ಟ್‌ಮೆಂಟ್ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಮಕ್ಕಳನ್ನು ಕಾಯುವುದು ಅವರ ಗುರುತಿರುವ ಜನ. ಆ ಜನ ಇದ್ದಾರೆಯೇ ಎಂದು ತಿಳಿಯಲು ಸಂಜೆ ಆರಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ ಆ ರಸ್ತೆಯಲ್ಲಿ ನಡೆದು ನೋಡಿ. ಭಾನುವಾರ ಮಧ್ಯಾಹ್ನ ಮನೆ ನೋಡಿ ಬಂದವರಿಗೆ ಇದು ತಿಳಿಯುವುದಿಲ್ಲ.

ತಪ್ಪು ಕಲ್ಪನೆ 5: ‘ಫ್ಯಾಮಿಲಿಗೆ ಮಾತ್ರ’ ಬೋರ್ಡಿದ್ದರೆ ಅದು ಸಂಸಾರಸ್ಥರ ಜಾಗ

ಸತ್ಯ: ಆ ಬೋರ್ಡು ಹೇಳುವುದು ಯಾರು ಬೇಡ ಎಂಬುದನ್ನು. ಒಳಗೆ ಬಂದವರಿಗೆ ಏನಿದೆ ಎಂದು ಹೇಳುವುದಿಲ್ಲ. ಬ್ಯಾಚುಲರ್‌ಗಳಿಗೆ ಇಲ್ಲ, ಮಾಂಸ ತಿನ್ನುವವರಿಗೆ ಇಲ್ಲ, ಕೊನೆಗೆ “ನೀವು ಯಾವ ಪೈಕಿ?” ಎಂಬ ಪ್ರಶ್ನೆ. ಈ ಜರಡಿಯಲ್ಲಿ ಸೋಸಿ ಬಂದ ಬೀದಿಯಲ್ಲಿ ಮಕ್ಕಳಿಗೆ ಆಡಲು ಅಂಗಳವಿಲ್ಲದಿರಬಹುದು, ಗೋಡೆಗೆ ಚೆಂಡು ತಾಕಿದರೆ ಮಾಲೀಕರು ಜಗಳಕ್ಕೆ ಬರಬಹುದು. ಮನೆ ನೋಡುವಾಗ ಬೋರ್ಡಿಗಿಂತ ಬಾಗಿಲ ಮುಂದಿನ ಸೈಕಲ್ಲುಗಳನ್ನು ಎಣಿಸಿ.

ತಪ್ಪು ಕಲ್ಪನೆ 6: ಆಫೀಸಿಗೆ ಹತ್ತಿರ, ಮೆಟ್ರೊಗೆ ಹತ್ತಿರ ಇದ್ದರೆ ಸಾಕು

ಸತ್ಯ: ಸಂಚಾರದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ ಪ್ರಕಾರ 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 29 ನಿಮಿಷ ಬೇಕಿತ್ತು. ಆ ವರ್ಷ ಜಗತ್ತಿನ ಪಟ್ಟಿಯಲ್ಲಿ ಲಂಡನ್ನಿನ ನಂತರದ ಸ್ಥಾನ ನಮ್ಮದೇ. ಇದನ್ನು ಬಲ್ಲ ಜನ ಆಫೀಸಿನ ಪಕ್ಕ ಮನೆ ಹಿಡಿಯುತ್ತಾರೆ. ಆದರೆ ಸಂಸಾರದಲ್ಲಿ ಪ್ರಯಾಣ ಮಾಡುವವರು ಒಬ್ಬರೇ ಅಲ್ಲ. ಐಟಿ ಕೆಲಸಗಾರರು ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವುದುಂಟು, ಮಗು ಶಾಲೆ ಬದಲಿಸುವುದಿಲ್ಲ. ಆಫೀಸು ಮನೆಯಿಂದಲೂ ನಡೆದೀತು, ಒಂದನೇ ಕ್ಲಾಸು ನಡೆಯದು. ಬೆಳಿಗ್ಗೆ ಆರೂವರೆಗೆ ಸ್ಕೂಲ್ ಬಸ್ ಹತ್ತುವ ಆರು ವರ್ಷದ ಮಗುವಿನ ದಾರಿಯನ್ನೇ ಮೊದಲು ಲೆಕ್ಕ ಹಾಕಬೇಕು.

ಮೆಟ್ರೊ ವಿಷಯದಲ್ಲಿ ಎರಡು ಎಚ್ಚರಿಕೆ. ಮೊದಲನೆಯದು, ಕಂಬ ಎದ್ದ ಮಾತ್ರಕ್ಕೆ ರೈಲು ಬಂದಂತಲ್ಲ. ಎಲೆಕ್ಟ್ರಾನಿಕ್ ಸಿಟಿ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ ಹಲವು ಗಡುವು ದಾಟಿ, 2025ರ ಆಗಸ್ಟ್‌ನಲ್ಲಿ ಓಡಿತು. ಅಷ್ಟು ವರ್ಷವೂ ‘ಮೆಟ್ರೊ ಬರಲಿದೆ’ ಎಂಬ ಮಾತಿಗೇ ಬಾಡಿಗೆ ಏರಿತ್ತು. ಎರಡನೆಯದು, ನಕ್ಷೆಯಲ್ಲಿ ನಿಲ್ದಾಣ ಅರ್ಧ ಕಿಲೋಮೀಟರ್ ಇದ್ದರೂ ನಡುವೆ ಫುಟ್‌ಪಾತ್ ಇಲ್ಲದ ಮುಖ್ಯರಸ್ತೆ ಇದ್ದರೆ ಅಜ್ಜ ಅಜ್ಜಿಗೆ ಅದು ಇದ್ದೂ ಇಲ್ಲದಂತೆ. ಅವರಿಗೆ ಬೇಕಾದದ್ದು ನಡೆದು ಮುಟ್ಟುವ ಡಾಕ್ಟರು, ಔಷಧಿ ಅಂಗಡಿ, ಕೂರಲು ಬೆಂಚಿರುವ ಪಾರ್ಕು.

ತಪ್ಪು ಕಲ್ಪನೆ 7: ಏರಿಯಾದಲ್ಲಿ ದೊಡ್ಡ ಶಾಲೆಗಳಿವೆ, ಸೀಟು ಸಿಕ್ಕೇ ಸಿಗುತ್ತದೆ

ಸತ್ಯ: ಮೊದಲು ಸೀಟು ಖಚಿತವಾಗಲಿ, ಆಮೇಲೆ ಅಡ್ವಾನ್ಸ್ ಕೊಡಿ. ಬೋರ್ಡಿನ ಮೇಲೆ ಸಿಬಿಎಸ್‌ಇ ಎಂದಿರುವುದೆಲ್ಲ ಸಿಬಿಎಸ್‌ಇ ಅಲ್ಲ. ರಾಜ್ಯ ಪಠ್ಯಕ್ರಮಕ್ಕೆ ಮಾತ್ರ ಮಾನ್ಯತೆ ಪಡೆದು ‘ಸಿಬಿಎಸ್‌ಇ ಮಾದರಿ’ ಎನ್ನುವ ಶಾಲೆಗಳುಂಟು. ಸಂಯೋಜನೆ ಸಂಖ್ಯೆ ಕೇಳಿ ಮಂಡಳಿಯ ಜಾಲತಾಣದಲ್ಲಿ ನೋಡಿಕೊಳ್ಳಿ. ಮಗು ಒಂಬತ್ತನೇ ತರಗತಿಯಲ್ಲಿದ್ದರೆ ಇನ್ನೂ ಹುಷಾರಾಗಿರಬೇಕು. ಸಿಬಿಎಸ್‌ಇಯಲ್ಲಿ ಹತ್ತರ ಪರೀಕ್ಷೆಗೆ ನೋಂದಣಿ ಒಂಬತ್ತರಲ್ಲೇ ಆಗುತ್ತದೆ, ಆಮೇಲೆ ಶಾಲೆ ಬದಲಿಸುವುದು ಸಲೀಸಲ್ಲ. ಸಾಧ್ಯವಿದ್ದರೆ ಆ ಎರಡು ವರ್ಷ ಊರು ಬಿಡುವುದನ್ನೇ ಮುಂದೂಡಿ.

ಖಾಸಗಿ ಶಾಲೆಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಸೀಟು ಸಿಗುತ್ತದೆಂದು ನಂಬಿ ಬರುವವರೂ ಇದ್ದಾರೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಎಂದು ರಾಜ್ಯ ಸರ್ಕಾರ ನಿಯಮ ಬದಲಿಸಿತು, 2019ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಗರದಲ್ಲಿ ಆ ದಾರಿ ಬಹುತೇಕ ಮುಚ್ಚಿದಂತೆ. ಬದಲಿಗೆ ಹತ್ತಿರ ಕರ್ನಾಟಕ ಪಬ್ಲಿಕ್ ಶಾಲೆ ಇದ್ದರೆ ಒಳಹೊಕ್ಕು ನೋಡಿ. ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಇರಬೇಕೆಂಬುದು ಅದರ ಉದ್ದೇಶ. ನಗರದ ಪೂರ್ವಕ್ಕೆ ಹೋದರೆ ಮಗು ಕನ್ನಡ ಕಲಿಯುವುದಿಲ್ಲ ಎಂಬ ಅಂಜಿಕೆಗೂ ಒಂದು ಉತ್ತರವಿದೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ರಾಜ್ಯದ ಶಾಲೆಗಳು ಯಾವ ಪಠ್ಯಕ್ರಮದವಾದರೂ ಕನ್ನಡ ಕಲಿಸಬೇಕು. ಸೇರಿಸುವ ಮೊದಲು ಕನ್ನಡ ಮೇಷ್ಟ್ರು ಯಾರು ಎಂದು ಕೇಳಿದರೆ ಶಾಲೆ ಆ ಕಾಯ್ದೆಯನ್ನು ಎಷ್ಟು ಪಾಲಿಸುತ್ತಿದೆ ಎಂದು ಗೊತ್ತಾಗುತ್ತದೆ.

ತಪ್ಪು ಕಲ್ಪನೆ 8: ಬಾಡಿಗೆ ದಂಡ, ಬಂದ ಕೂಡಲೇ ಭೋಗ್ಯಕ್ಕೆ ಹಾಕಿಕೊಳ್ಳಬೇಕು, ಇಲ್ಲವೇ ಕೊಳ್ಳಬೇಕು

ಸತ್ಯ: ಭೋಗ್ಯದಲ್ಲಿ ತಿಂಗಳ ಬಾಡಿಗೆ ಇಲ್ಲ, ನಿಜ. ಆದರೆ ಲಕ್ಷಗಟ್ಟಲೆ ಹಣ ಒಬ್ಬರ ಕೈಯಲ್ಲಿ ಉಳಿಯುತ್ತದೆ. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕರು ಕಂತು ಕಟ್ಟದಿದ್ದರೆ ಬ್ಯಾಂಕಿನ ನೋಟಿಸು ಅಂಟುವುದು ನಿಮ್ಮ ಬಾಗಿಲಿಗೆ. ಭೋಗ್ಯವೇ ಬೇಕೆಂದರೆ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಿ, ಪತ್ರವನ್ನು ನೋಂದಣಿ ಮಾಡಿಸಿ. ಅಡ್ವಾನ್ಸ್ ಹತ್ತು ತಿಂಗಳು ಎನ್ನುವುದು ಬೆಂಗಳೂರಿನ ರೂಢಿ, ಕಾನೂನಲ್ಲ. ಆದ್ದರಿಂದ ಧಾರಾಳವಾಗಿ ಚೌಕಾಸಿ ಮಾಡಿ.

ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಬರೆಯುವುದಕ್ಕೆ ಕಾರಣ 1908ರ ನೋಂದಣಿ ಕಾಯ್ದೆ. ಒಂದು ವರ್ಷ ಮೀರಿದ ಅವಧಿಯ ಕರಾರನ್ನು ನೋಂದಾಯಿಸಲೇಬೇಕು, ಆ ವರ್ಷಕ್ಕೊಂದು ತಿಂಗಳು ಕಡಿಮೆ ಅಷ್ಟೆ. ಆದರೆ ಹೊಸ ಊರಿಗೆ ಬಂದವರಿಗೆ ಈ ಅವಧಿಯಿಂದ ಬೇರೆ ಲಾಭವಿದೆ. ಮೇ ತಿಂಗಳಲ್ಲಿ ಬಂದವರು ಸೆಪ್ಟೆಂಬರಿನ ಮಳೆಯನ್ನೂ ಮುಂದಿನ ಮಾರ್ಚಿನ ಟ್ಯಾಂಕರ್ ಬಿಲ್ಲನ್ನೂ ಕರಾರು ಮುಗಿಯುವುದರೊಳಗೆ ನೋಡಿರುತ್ತಾರೆ. ಮಗುವಿನ ಒಂದು ಶಾಲಾ ವರ್ಷವೂ ಆಗ ಮುಗಿದಿರುತ್ತದೆ. ಮನೆ ಕೊಳ್ಳುವ ಮಾತು ಅದಾದ ಮೇಲೆ ಬರಲಿ. ಅಷ್ಟರಲ್ಲಿ ಯಾವ ಏರಿಯಾ ಒಳ್ಳೇದೆಂದು ನೆಂಟರಿಗೆ ಫೋನು ಮಾಡಿ ಕೇಳುವ ಅಗತ್ಯ ನಿಮಗಿರುವುದಿಲ್ಲ.