ಸಾಲ ಕೊಟ್ಟವರ ಪಟ್ಟಿಯಲ್ಲಿ ಅಪ್ಪನ ಹೆಸರು

ಮುಂದಿನ ಸೋಮವಾರ ನಮ್ಮನೆಯವರು ಚಿಕ್ಕೋಡಿಯ ಕೋರ್ಟಿನಲ್ಲಿ ನಿಂತು, ‘ಈ ಸಾಲ ತೀರಿಸೋದು ನನ್ನಿಂದ ಆಗೋದಿಲ್ಲ’ ಅಂತ ಹೇಳಬೇಕು. ಆಫೀಸಿನ ಮೀಟಿಂಗ್‌ಗಳ ನಡುವೆ ನಾನು ಇ-ಕೋರ್ಟ್ಸ್ ಆ್ಯಪ್ ತೆಗೆದು, ಕೇಸಿನ ಸಿಎನ್‌ಆರ್ ನಂಬರ್ ಹಾಕಿ, ತಾರೀಖು ಬದಲಾಗಿದೆಯಾ ಅಂತ ನೋಡುತ್ತಿರುತ್ತೇನೆ. ಮುಂದೆ ಹೋಗಲಿ ಅಂತ ಒಂದು ಮನಸ್ಸು, ಬೇಗ ಮುಗಿದು ಹೋಗಲಿ ಅಂತ ಇನ್ನೊಂದು ಮನಸ್ಸು.

ನಾನು ಪುಣೆಯ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್. ಇವರದು ಕಬ್ಬು ಸಾಗಿಸುವ ಎರಡು ಟ್ರ್ಯಾಕ್ಟರ್. ರಾಯಬಾಗ, ಅಥಣಿ, ಕಾಗವಾಡದ ಕಡೆಯವರಿಗೆ ಈ ದಂಧೆ ಬಿಡಿಸಿ ಹೇಳಬೇಕಿಲ್ಲ. ಸೀಸನ್‌ಗೆ ಮೊದಲೇ ಕಟಾವು ಗ್ಯಾಂಗಿನ ಮುಕಾದಮನಿಗೆ ಲಕ್ಷಗಟ್ಟಲೆ ಮುಂಗಡ ಕೊಡಬೇಕು. ಗ್ಯಾಂಗ್ ಬಂದರೆ ಟ್ರ್ಯಾಕ್ಟರ್ ಓಡುತ್ತದೆ. ಬರದಿದ್ದರೆ ಮುಂಗಡವೂ ಹೋಯಿತು, ಸೀಸನ್ನೂ ಹೋಯಿತು. ನಮಗೆ ಹಾಗೆ ಆಗಿದ್ದು ಒಂದಲ್ಲ, ಎರಡು ವರ್ಷ. ಮೊದಲ ವರ್ಷದ ನಷ್ಟ ತುಂಬಲು ಎರಡನೇ ವರ್ಷ ಬಡ್ಡಿಗೆ ತಂದರು. ಆ ಬಡ್ಡಿ ಕಟ್ಟಲು ಮತ್ತೊಂದು ಕಡೆ ಕೈಚಾಚಿದರು. ಒಟ್ಟು ಎಷ್ಟು ಅಂತ ನನಗೆ ಗೊತ್ತಾಗುವ ಹೊತ್ತಿಗೆ ಮೊತ್ತ 30 ಲಕ್ಷ ದಾಟಿತ್ತು.

ಪಾಪರ್ ಅಂದರೆ ಏನು?

ನಮ್ಮ ಕಡೆ ‘ಪಾಪರ್ ಆದ’ ಅಂದರೆ ಮುಗಿಯಿತು, ಆ ಮನೆಯ ಹೆಣ್ಣುಮಕ್ಕಳು ಬೀದಿಗೆ ಬಂದರು ಅಂತಲೇ ಲೆಕ್ಕ. ನಾನೂ ಹಾಗೇ ತಿಳಿದಿದ್ದೆ. ವಕೀಲರ ಹತ್ತಿರ ಕೂತ ಮೇಲೆ ಗೊತ್ತಾಗಿದ್ದು ಬೇರೆ.

2016ರ ದಿವಾಳಿ ಸಂಹಿತೆಯ ಹೆಸರು ಎಲ್ಲರೂ ಕೇಳಿದ್ದೇವೆ. ಆದರೆ ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ 2019ರ ಡಿಸೆಂಬರ್ 1ರಿಂದ ಜಾರಿಯಾಗಿದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಟ್ರ್ಯಾಕ್ಟರ್ ಮಾಲೀಕರಂಥವರಿಗೆ ಇರುವುದು ಬ್ರಿಟಿಷರ ಕಾಲದ 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಎಷ್ಟು ಹಳೆಯದೆಂದರೆ, ಅರ್ಜಿ ಹಾಕಲು ಸಾಲ 500 ರೂಪಾಯಿ ಇದ್ದರೂ ಸಾಕು ಎನ್ನುತ್ತದೆ!

ವಿಚಾರಣೆಯಲ್ಲಿ ನ್ಯಾಯಾಧೀಶರು ಅರ್ಜಿದಾರರ ನಡತೆ, ವ್ಯವಹಾರ, ಆಸ್ತಿಯ ಬಗ್ಗೆ ಕೇಳುತ್ತಾರೆ. ಸಾಲ ಕೊಟ್ಟವರು ಅಲ್ಲಿದ್ದರೆ ಅವರೂ ಪ್ರಶ್ನೆ ಕೇಳಬಹುದು. ದಿವಾಳಿ ಎಂದು ಕೋರ್ಟ್ ಆದೇಶ ಮಾಡಿದರೆ ಇವರ ಆಸ್ತಿ ಕೋರ್ಟಿನ ಅಥವಾ ರಿಸೀವರ್ ಕೈಗೆ ಹೋಗುತ್ತದೆ. ಆಮೇಲೆ ಸಾಲ ಕೊಟ್ಟವರು ಕೋರ್ಟಿನ ಅನುಮತಿ ಇಲ್ಲದೆ ಆ ಸಾಲಕ್ಕಾಗಿ ದಾವೆ ಹಾಕುವಂತಿಲ್ಲ. ಟ್ರ್ಯಾಕ್ಟರನ್ನೇ ಅಡವಿಟ್ಟುಕೊಂಡ ಫೈನಾನ್ಸ್‌ನವರ ಹಕ್ಕು ಮಾತ್ರ ಹಾಗೇ ಉಳಿಯುತ್ತದೆ. ಚೆಕ್ ಬೌನ್ಸ್ ಆಗಿದ್ದರೆ ಅದು ಬೇರೆಯೇ ಕೇಸು.

ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ ಇವನ್ನು ಜಪ್ತಿ ಮಾಡುವಂತಿಲ್ಲ. ಧರ್ಮದ ರೂಢಿಯಂತೆ ಹೆಣ್ಣುಮಗಳು ಮೈಮೇಲಿಂದ ತೆಗೆಯಬಾರದ ಒಡವೆಯನ್ನೂ ಮುಟ್ಟುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಹೇಳುತ್ತದೆ. ಅದನ್ನು ಓದಿದ ರಾತ್ರಿ ನಾನು ತಾಳಿ ಹಿಡಿದುಕೊಂಡು ಸುಮ್ಮನೆ ಅತ್ತುಬಿಟ್ಟೆ. ಎಷ್ಟೋ ದಿನದಿಂದ ಒಳಗೇ ಕೊರೆಯುತ್ತಿದ್ದ ಭಯ ಅದು.

ಹೆಂಡತಿಯ ಹೆಸರಿಗೆ ಮಾಡಿಬಿಡಿ

ಅರ್ಜಿ ಹಾಕುವ ಮೊದಲು ಕಾಕಾ ಮನೆಗೆ ಬಂದಿದ್ದರು. “ಆ ಎರಡ ಎಕರೆ ನಿನ್ನ ಹೆಸರಿಗೆ ಮಾಡಿಸ್ಕೊಂಡ ಬಿಡವಾ. ಹೆಂಡ್ತಿ ಹೆಸರಿಗಿದ್ರ ಯಾರ ಕೇಳ್ತಾರ?” ಎಂದರು. ಸುಳ್ಳು ಹೇಳುವುದಿಲ್ಲ, ನನಗೂ ಆಸೆ ಆಯಿತು. ವಕೀಲರು ಒಂದೇ ಮಾತಿನಲ್ಲಿ ತಡೆದರು: “ಹಂಗ ಮಾಡಿದ್ರ ಇಡೀ ಕೇಸ್ ಕೆಡತೈತಿ ಮೇಡಂ.” ಅರ್ಜಿಗೆ ಹಿಂದಿನ ಎರಡು ವರ್ಷದೊಳಗೆ ಬೆಲೆ ಪಡೆಯದೆ ಬರೆದುಕೊಟ್ಟ ಆಸ್ತಿಯನ್ನು ಕೋರ್ಟ್ ರದ್ದು ಮಾಡಬಹುದು. ಆಸ್ತಿಯೂ ಉಳಿಯುವುದಿಲ್ಲ, ಇವರ ಮಾತಿನ ಮೇಲಿನ ನಂಬಿಕೆಯೂ ಉಳಿಯುವುದಿಲ್ಲ.

ಅದಕ್ಕಿಂತ ಕಷ್ಟವಾಗಿದ್ದು ಸಾಲ ಕೊಟ್ಟವರ ಪಟ್ಟಿ. ಇವರು ಹದಿಮೂರು ಹೆಸರು ಬರೆದು ಪೆನ್ನು ಕೆಳಗಿಟ್ಟರು. ಹದಿನಾಲ್ಕನೆಯದು ನಮ್ಮ ಅಪ್ಪನದು. ನಿಪ್ಪಾಣಿಯಲ್ಲಿ ತಂಬಾಕು ಮಾರಿದ ದುಡ್ಡಿನಲ್ಲಿ ಮೂರು ಲಕ್ಷ ತೆಗೆದು, ಕಾಗದ-ಪತ್ರ ಏನೂ ಇಲ್ಲದೆ ಅಳಿಯನ ಕೈಗೆ ಕೊಟ್ಟಿದ್ದರು.

“ಮಾವನವರ ಹೆಸರ ಬರದ್ರ ಅವರ ಮನಿಗೂ ಕೋರ್ಟ್ ನೋಟಿಸ್ ಹೋಗತೈತಿ. ನನ್ನ ಕಡೆ ಆಗೂದಿಲ್ಲ” ಎಂದರು ಇವರು. ಹಾಗಾದರೆ ಒಂದು ಟ್ರ್ಯಾಕ್ಟರ್ ಮಾರಿ ಮೊದಲು ಅಪ್ಪನ ದುಡ್ಡು ಕೊಟ್ಟುಬಿಡೋಣ ಎಂದೆ ನಾನು. ಅದೂ ಆಗುವುದಿಲ್ಲವಂತೆ. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಬೇರೆಯವರನ್ನು ಬಿಟ್ಟು ಬೇಕಾದ ಒಬ್ಬರಿಗೆ ಮಾತ್ರ ಹಣ ಕೊಟ್ಟರೆ ಅದನ್ನೂ ಕೋರ್ಟ್ ವಾಪಸ್ ತರಿಸಬಹುದು. ಕಾನೂನಿನ ಮುಂದೆ ಮಾವನೂ ಸಾಲ ಕೊಟ್ಟ ಹದಿನಾಲ್ಕು ಮಂದಿಯಲ್ಲಿ ಒಬ್ಬರು.

ಎರಡು ದಿನ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಅಪ್ಪನ ಹೆಸರನ್ನು ನಾನೇ ಬರೆದೆ. ಒಂದು ಹೆಸರು ಮುಚ್ಚಿಟ್ಟರೆ ಉಳಿದ ಹದಿಮೂರು ಹೆಸರನ್ನೂ ಯಾರು ನಂಬುತ್ತಾರೆ?

ಅವರ ಸಾಲ, ನನ್ನ ಸಹಿ

ಗಂಡನ ಸಾಲಕ್ಕೆ ಹೆಂಡತಿ ತಾನಾಗಿಯೇ ಹೊಣೆ ಅಲ್ಲ. ನನ್ನ ಸಂಬಳ, ತವರಿನ ಬಂಗಾರ ನನ್ನವೇ. ಆದರೆ ಸಹಿ ಹಾಕಿದ್ದರೆ ಕಥೆ ಬೇರೆ. ಒಂದು ಸೊಸೈಟಿಯ ನಾಲ್ಕು ಲಕ್ಷದ ಸಾಲಕ್ಕೆ ನಾನು ಜಾಮೀನು. ಮದುವೆಯಾದ ಹೊಸತರಲ್ಲಿ ಓದದೇ ಹಾಕಿದ ಸಹಿ. ಕೆಲಸದಲ್ಲಿ ಹತ್ತು ಸಾಲಿನ ಕೋಡನ್ನೂ ಎರಡೆರಡು ಸಲ ನೋಡುವ ನಾನು ಅವತ್ತು ನಾಲ್ಕು ಪುಟ ಓದಲಿಲ್ಲ! ಕೋರ್ಟ್ ಇವರನ್ನು ಸಾಲದಿಂದ ಬಿಡುಗಡೆ ಮಾಡಿದರೂ ಜಾಮೀನುದಾರಳಾದ ನನಗೆ ಬಿಡುಗಡೆ ಇಲ್ಲ. ಈಗ ಸಂಬಳದಲ್ಲಿ ಅದರ ಕಂತು ಕಟ್ಟುತ್ತಿದ್ದೇನೆ.

ಇದೇ ದಾರಿಯಲ್ಲಿ ಇರುವವರಿಗೆ ನಾನು ಕಲಿತಿದ್ದು ಇಷ್ಟು:

• ನೀವು ಎಲ್ಲೆಲ್ಲಿ ಸಹಿ ಹಾಕಿದ್ದೀರಿ ಎಂಬ ಪಟ್ಟಿಯನ್ನು ಮೊದಲು ಮಾಡಿ.

• ಒಡವೆ, ಹೊಲ, ವಾಹನ ಯಾವುದನ್ನೂ ವಕೀಲರನ್ನು ಕೇಳದೆ ಮಾರಬೇಡಿ, ವರ್ಗಾಯಿಸಬೇಡಿ.

• ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಸಹಾಯವಾಣಿ 15100.

• ಬ್ಯಾಂಕ್, ಫೈನಾನ್ಸ್‌ಗಳ ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡಬಾರದು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಮಾಡಿದರೆ ದಿನ, ಹೊತ್ತು ಬರೆದಿಡಿ.

• ಮನೆಯವರು ‘ನಾನು ಇರಬಾರದಿತ್ತು’ ಎನ್ನುವ ಧಾಟಿಯಲ್ಲಿ ಮಾತಾಡಿದರೆ ಅದನ್ನು ಸಿಟ್ಟಿನ ಮಾತು ಅಂತ ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ನಾವು ಮಾಡಿದ್ದೇವೆ.

ಈಗ ದಿನಾ ರಾತ್ರಿ ಮಗಳು ಮಲಗಿದ ಮೇಲೆ ನಾನು ಜಡ್ಜ್ ಆಗುತ್ತೇನೆ. ಎಷ್ಟು ತಂದಿರಿ, ಯಾರಿಂದ ತಂದಿರಿ, ಎಲ್ಲಿ ಹೋಯಿತು ಅಂತ ಕೇಳುತ್ತೇನೆ. ಮೊದಲ ದಿನ ಇವರು ತಲೆ ತಗ್ಗಿಸಿ ಕೂತಿದ್ದರು. ಈಗ ಲೆಕ್ಕ ಒಪ್ಪಿಸುತ್ತಾರೆ. ಮದುವೆಯಾದ ಆರು ವರ್ಷದಲ್ಲಿ ಇಷ್ಟು ವಿವರವಾಗಿ ನಾವು ದುಡ್ಡಿನ ಮಾತಾಡಿರಲೇ ಇಲ್ಲ. ಆದೇಶ ಬಂದ ದಿನಕ್ಕೇ ಎಲ್ಲ ಮುಗಿಯುವುದಿಲ್ಲ, ಕೋರ್ಟ್ ಕೊಟ್ಟ ಅವಧಿಯೊಳಗೆ ಬಿಡುಗಡೆಗೆ ಮತ್ತೆ ಅರ್ಜಿ ಹಾಕಬೇಕು ಅನ್ನುವುದೂ ಇಬ್ಬರಿಗೂ ಗೊತ್ತು.

ಮೊನ್ನೆ ಅಪ್ಪನ ಫೋನ್ ಬಂತು. ನನ್ನ ಎದೆ ಹೊಡೆದುಕೊಳ್ಳತೊಡಗಿತು.

“ನೋಟಿಸ್ ಬಂದೈತಿ, ಸಹಿ ಮಾಡಿ ತಗೊಂಡೇನಿ. ಊಟ ಆತೇನವಾ?”

ನನಗೆ ಮಾತೇ ಹೊರಡಲಿಲ್ಲ. ಅಪ್ಪನೇ ಮುಂದುವರಿಸಿದರು. “ಸೋಮಾರ ನಾನೂ ಕೋರ್ಟಿಗೆ ಬರ್ತೇನಿ. ಪ್ರಶ್ನೆ ಕೇಳಾಕ ಅಲ್ಲ, ಅಳಿಯಂದ್ರ ಜೋಡಿ ನಿಲ್ಲಾಕ.”

ಸೋಮವಾರಕ್ಕೆ ರಜೆ ಹಾಕಿದ್ದೇನೆ. ಕಾರಣದ ಜಾಗದಲ್ಲಿ ‘ಮನೆಯ ಕೆಲಸ’ ಅಂತ ಬರೆದಿದ್ದೇನೆ.